ಹೊಸ ಬೆಲ್ಟ್ ತುಂಡಾಯ್ತು, ಎಂಜಿನ್ ಖರ್ಚು ಯಾರು ಕೊಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಕಾರಿನ ಪಾರ್ಟ್ ಬಗ್ಗೆ ಬಂದವೇ ಜಾಸ್ತಿ. ದುಡ್ಡು ಕೊಟ್ಟು ಹೊಸ ಪಾರ್ಟ್ ಹಾಕಿಸಿದ್ದಾರೆ, ಅದು ಕೆಟ್ಟಿದೆ, ಗ್ಯಾರೇಜಿನವರು ಅಂಗಡಿ ಕಡೆ ಕೈ ತೋರಿಸುತ್ತಾರೆ, ಅಂಗಡಿಯವರು ಗ್ಯಾರೇಜ್ ಕಡೆ. ಹಾಸನದ ಓದುಗರ ಪತ್ರಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ. ಉಳಿದವರಿಗೂ ಅದರಲ್ಲಿ ಬೇಕಾದದ್ದು ಇದೆ.

ಪ್ರಶ್ನೆ: ಸರ್, ನನ್ನದು ಡೀಸೆಲ್ ಕಾರು, 96 ಸಾವಿರ ಕಿಲೋಮೀಟರ್ ಓಡಿದೆ. ಊರಿನ ಗ್ಯಾರೇಜಿನಲ್ಲಿ ಟೈಮಿಂಗ್ ಬೆಲ್ಟ್ ಬದಲಾಯಿಸಿದೆ. ಬೆಲ್ಟ್, ಟೆನ್ಷನರ್, ಲೇಬರ್ ಎಲ್ಲ ಸೇರಿ 14,500 ರೂಪಾಯಿ ಆಯಿತು, ಬಿಲ್ ಇದೆ. ಮೂರು ತಿಂಗಳೂ ಆಗಿಲ್ಲ, ಬೆಂಗಳೂರಿಗೆ ಹೋಗುವಾಗ ಬೆಳ್ಳೂರು ಕ್ರಾಸ್ ಹತ್ತಿರ ಟಪ್ ಅಂತ ಶಬ್ದ ಬಂದು ಎಂಜಿನ್ ನಿಂತುಹೋಯಿತು. ಟೋ ಮಾಡಿಸಿ ಅದೇ ಗ್ಯಾರೇಜಿಗೆ ತಂದೆ. ಬೆಲ್ಟ್ ತುಂಡಾಗಿದೆ, ವಾಲ್ವ್ ಬಗ್ಗಿರುತ್ತವೆ, ಹೆಡ್ ಬಿಚ್ಚಬೇಕು, 70 ಸಾವಿರದ ತನಕ ಆಗುತ್ತೆ ಅಂತಾರೆ. "ಕಂಪನಿ ಪಾರ್ಟ್ ಹೋದ್ರೆ ನಾನೇನ್ ಮಾಡ್ಲಿ, ಬೇಕಾದ್ರೆ ಹೊಸ ಬೆಲ್ಟ್ ಫ್ರೀ ಹಾಕಿಕೊಡ್ತೀನಿ" ಅನ್ನುತ್ತಾರೆ. ವಾರಂಟಿ ಕಾರ್ಡಿನಲ್ಲೂ ಪಾರ್ಟ್ ಬದಲಿಸಿ ಕೊಡುತ್ತೇವೆ ಅಂತ ಮಾತ್ರ ಇದೆ. ಎಂಜಿನ್ ಖರ್ಚು ನನ್ನ ತಲೆಗೇ ಬರುತ್ತಾ?
— ಒಬ್ಬ ಓದುಗರು, ಹಾಸನ

ಉತ್ತರ: ಇಲ್ಲ, ಈಗಲೇ ನಿಮ್ಮ ತಲೆ ಮೇಲೆ ಹಾಕಿಕೊಳ್ಳಬೇಡಿ. ಆದರೆ ಕಾನೂನು ಆಮೇಲೆ. ಇದನ್ನು ಓದಿದ ತಕ್ಷಣ ಗ್ಯಾರೇಜಿಗೆ ಹೋಗಿ, ಹೆಡ್, ಅಂದರೆ ವಾಲ್ವ್‌ಗಳಿರುವ ಎಂಜಿನ್ ಮೇಲ್ಭಾಗ, ಇನ್ನೂ ಬಿಚ್ಚಿಲ್ಲ ಅಂದರೆ ನಿಲ್ಲಿಸಿ. ತುಂಡಾದ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಅದು ಸರಿಯಾದ ದಾರಿಯಲ್ಲಿ ಓಡುವಂತೆ ನೋಡುವ ಐಡ್ಲರ್ ಬೇರಿಂಗ್, ಬೋಲ್ಟ್ ಸಮೇತ ಎಲ್ಲವನ್ನೂ ಒಂದು ಕವರಿಗೆ ಹಾಕಿಸಿ ಮನೆಗೆ ತನ್ನಿ. "ಕಂಪನಿಗೆ ಕಳಿಸ್ತೀವಿ, ಕೊಡಿ" ಅಂದರೆ ಕೊಡಬೇಡಿ. ಆ ಪಾರ್ಟಿಗೆ ದುಡ್ಡು ಕೊಟ್ಟವರು ನೀವು, ಅದು ನಿಮ್ಮ ವಸ್ತು. ಕಂಪನಿಯವರು ನೋಡಲೇಬೇಕು ಅಂದರೆ ಬಂದು ನಿಮ್ಮ ಎದುರೇ ನೋಡಲಿ, ಇಲ್ಲವೇ ಪಾರ್ಟ್ ನಂಬರ್ ಬರೆದು ಸಹಿ ಹಾಕಿದ ರಸೀದಿ ಕೊಟ್ಟು ತೆಗೆದುಕೊಂಡು ಹೋಗಲಿ. ಇಂಥ ಕೇಸುಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಕಾನೂನು ಗ್ರಾಹಕರ ಪರವಾಗಿಯೇ ಇರುತ್ತದೆ, ಆದರೆ ಆರು ತಿಂಗಳು ಬಿಟ್ಟು ಕೇಳಿದಾಗ ಮುರಿದ ಪಾರ್ಟ್ ಗುಜರಿಗೆ ಹೋಗಿರುತ್ತದೆ.

ಬೆಲ್ಟನ್ನು ಕೈಯಲ್ಲಿ ಹಿಡಿದು ಬೆಳಕಿನಲ್ಲಿ ಸರಿಯಾಗಿ ನೋಡಿ. ಹೇಗೆ ತುಂಡಾಗಿದೆ ಅನ್ನುವುದೇ ಅರ್ಧ ಕಥೆ ಹೇಳುತ್ತದೆ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಅಡ್ಡಕ್ಕೆ ನೇರವಾಗಿ ತುಂಡಾಗಿದ್ದರೆ, ಹಾಕುವ ಮುಂಚೆಯೇ ಬೆಲ್ಟನ್ನು ಯಾರೋ ಮಡಚಿರಬಹುದು. ಒಳಗಿನ ದಾರದ ಎಳೆಗಳು ಒಮ್ಮೆ ಮುರಿದರೆ ಹೊರಗೆ ಏನೂ ಕಾಣುವುದಿಲ್ಲ, ಓಡುವಾಗ ಅಲ್ಲೇ ಹರಿಯುತ್ತದೆ. ಒಂದು ಕಡೆಯ ಅಂಚು ಮಾತ್ರ ಎಳೆ ಎಳೆಯಾಗಿ ಸವೆದಿದ್ದರೆ ಪುಲ್ಲಿ ಅಥವಾ ಬೇರಿಂಗ್ ಸರಿಯಾಗಿ ಕೂತಿಲ್ಲ, ಬೆಲ್ಟ್ ಪಕ್ಕಕ್ಕೆ ಉಜ್ಜಿಕೊಂಡು ಓಡಿದೆ ಅಂತ. ಹಲ್ಲುಗಳು ಸಾಲಾಗಿ ಕಿತ್ತು ಬಂದಿದ್ದರೆ ವಾಟರ್ ಪಂಪ್ ಜಾಮ್ ಆಗಿತ್ತಾ, ಟೆನ್ಷನರ್ ಸಡಿಲ ಇತ್ತಾ ಅಂತ ನೋಡಬೇಕು. ಬೆಲ್ಟ್ ಎಣ್ಣೆಯಲ್ಲಿ ನೆನೆದು ಉಬ್ಬಿದ್ದರೆ ಹತ್ತಿರದ ಆಯಿಲ್ ಸೀಲ್ ಲೀಕ್ ಇದೆ, ಬೆಲ್ಟ್ ಹಾಕುವ ದಿನವೇ ಲೀಕ್ ಇದ್ದಿದ್ದರೆ ಮೆಕ್ಯಾನಿಕ್ ಅದನ್ನು ನೋಡಬೇಕಿತ್ತು. ಟೆನ್ಷನರ್ ಬೇರಿಂಗನ್ನೂ ಕೈಯಲ್ಲಿ ತಿರುಗಿಸಿ ನೋಡಿ. ಬಿಸಿಯಾಗಿ ನೀಲಿ ಬಣ್ಣ ಬಂದಿದೆಯಾ, ಗುಂಡು ಉದುರಿದೆಯಾ, ಗರಗರ ಅನ್ನುತ್ತದೆಯಾ? ಹಾಗಿದ್ದರೆ ಮೊದಲು ಕೆಟ್ಟದ್ದು ಬೇರಿಂಗೇ ಇರಬಹುದು, ಬೆಲ್ಟ್ ಆಮೇಲೆ ಹೋಗಿರುತ್ತದೆ.

ವಾಟರ್ ಪಂಪ್ ಬಗ್ಗೆ ಒಂದು ಮಾತು. ತುಂಬಾ ಎಂಜಿನ್‌ಗಳಲ್ಲಿ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್. ಬೆಲ್ಟ್ ಬದಲಿಸುವಾಗ ಪಂಪನ್ನೂ ಬದಲಿಸಿಬಿಡಿ ಅಂತ ಒಳ್ಳೆಯ ಮೆಕ್ಯಾನಿಕ್ ಹೇಳುವುದು ಅದಕ್ಕೇ. ನಿಮ್ಮ ಬಿಲ್ಲಿನಲ್ಲಿ ಪಂಪ್ ಇಲ್ಲ. ಅವರು ಹೇಳಿಯೂ ನೀವು ಬೇಡ ಅಂದಿದ್ದರೆ, ಪಂಪ್ ಜಾಮ್ ಆಗಿಯೇ ಬೆಲ್ಟ್ ಹೋಗಿದ್ದರೆ, ನಿಮ್ಮ ಕೇಸ್ ಅಲ್ಲಿ ಸ್ವಲ್ಪ ಸೋರುತ್ತದೆ. ಹೇಳಲೇ ಇಲ್ಲ ಅಂದರೆ ತಪ್ಪು ಅವರದ್ದು.

ಈಗ ಎಂಜಿನ್ ಖರ್ಚಿನ ಮಾತು. ಟೈಮಿಂಗ್ ಬೆಲ್ಟ್ ಮಾಡುವ ಕೆಲಸ ಏನು ಅಂದರೆ, ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ದಾರಿಯಿಂದ ಸರಿದಿರುವ ಹಾಗೆ ಎರಡನ್ನೂ ತಾಳದಲ್ಲಿ ಇಡುವುದು. ಬೆಲ್ಟ್ ಹರಿದ ಕ್ಷಣ ವಾಲ್ವ್ ತೆರೆಯುವ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್‌ಗೆ ಜೋಡಿಸಿರುವ ಕ್ರ್ಯಾಂಕ್ ಓಡುತ್ತಲೇ ಇರುತ್ತದೆ, ಪಿಸ್ಟನ್ ಹೋಗಿ ತೆರೆದ ವಾಲ್ವಿಗೆ ಹೊಡೆಯುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಇದರಿಂದ ತಪ್ಪಿಸಿಕೊಳ್ಳುವುದು ಬಹಳ ಕಷ್ಟ. ಇದು ಗ್ಯಾರೇಜಿನ ಯಾವ ಹುಡುಗನನ್ನು ಕೇಳಿದರೂ ಗೊತ್ತು. ನಿಮ್ಮ ವಾದಕ್ಕೆ ಬಲ ಬರುವುದು ಇಲ್ಲಿಂದಲೇ. ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ, ಕರಾರು ಮುರಿದಾಗ ಸಹಜವಾಗಿ ಆಗುವ ನಷ್ಟವನ್ನು ಮುರಿದವರು ತುಂಬಿಕೊಡಬೇಕು, ದೂರದ, ಯಾರೂ ಊಹಿಸದ ನಷ್ಟಕ್ಕೆ ಮಾತ್ರ ಹೊಣೆ ಇಲ್ಲ. ಬೆಲ್ಟ್ ಹೋದರೆ ವಾಲ್ವ್ ಬಗ್ಗುವುದು ಊಹಿಸದ ವಿಷಯ ಅಲ್ಲ ಅಲ್ವಾ? ಹಾಗಾಗಿ "ಹೊಸ ಬೆಲ್ಟ್ ಕೊಟ್ಟೆ, ಲೆಕ್ಕ ಮುಗೀತು" ಅನ್ನುವ ಮಾತು ನಿಲ್ಲುವುದಿಲ್ಲ.

ವಾರಂಟಿ ಕಾರ್ಡ್ ನೋಡಿ ಹೆದರಬೇಡಿ. ಅದು ಬೆಲ್ಟ್ ಮಾಡಿದ ಕಂಪನಿ ತಾನಾಗಿ ಕೊಟ್ಟ ಮಾತು. ಮೆಕ್ಯಾನಿಕ್ ಮಾಡಿದ ಕೆಲಸಕ್ಕೆ ಅದು ರಕ್ಷಣೆ ಅಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ವಸ್ತುವಿನ ದೋಷ, ಸೇವೆಯ ಕೊರತೆ ಎರಡನ್ನೂ ನೋಡುತ್ತದೆ. ನೀವು ಬೆಲ್ಟ್ ಕೊಂಡಿದ್ದೀರಿ, ಅದನ್ನು ಹಾಕುವ ಕೆಲಸವನ್ನೂ ಕೊಂಡಿದ್ದೀರಿ, ಎರಡೂ ಒಂದೇ ಬಿಲ್ಲಿನಲ್ಲಿ. ತಪ್ಪು ಬೆಲ್ಟಿನದ್ದೋ ಕೈಯದ್ದೋ ಅಂತ ಈಗಲೇ ಸಾಬೀತು ಮಾಡಿ ಆಮೇಲೆ ದೂರು ಕೊಡಬೇಕು ಅಂತೇನಿಲ್ಲ. ಇಬ್ಬರನ್ನೂ, ಅಂದರೆ ಗ್ಯಾರೇಜನ್ನೂ ಬೆಲ್ಟ್ ಕಂಪನಿಯನ್ನೂ, ಎದುರುದಾರರು ಅಂತ ಹಾಕಿ. ಒಬ್ಬರ ಮೇಲೊಬ್ಬರು ಹಾಕಿಕೊಳ್ಳುವುದಾದರೆ ಗ್ರಾಹಕ ಆಯೋಗದ ಎದುರೇ ಹಾಕಿಕೊಳ್ಳಲಿ. ಆದರೆ ನಿಮ್ಮ ಮೊದಲ ಹಕ್ಕು ನಿಮ್ಮ ಕೈಯಿಂದ ದುಡ್ಡು ತೆಗೆದುಕೊಂಡವರ ಮೇಲೆ, ಅಂದರೆ ಗ್ಯಾರೇಜ್ ಮೇಲೆ. ಬೆಲ್ಟ್ ಎಲ್ಲಿಂದ ತಂದರು, ಯಾವ ಕಂಪನಿಯದ್ದು ಅಂತ ಅವರು ಹೇಳಲಾಗದಿದ್ದರೆ ಮಾರಿದವರೇ ಹೊಣೆ ಹೊರಬೇಕಾಗುತ್ತದೆ ಅಂತ ಇದೇ ಕಾಯ್ದೆಯಲ್ಲಿ, ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಲ್ಲಿ ಇದೆ. ಅದಕ್ಕೇ ಬೆಲ್ಟ್ ಬಂದ ಡಬ್ಬಿ ಕೇಳಿ ತೆಗೆದುಕೊಳ್ಳಿ. ಅದರ ಮೇಲೆ ಪಾರ್ಟ್ ನಂಬರ್, ಬ್ಯಾಚ್ ನಂಬರ್ ಇರುತ್ತದೆ. ಬೆಲ್ಟಿನ ಬೆನ್ನ ಮೇಲೂ ಅಚ್ಚು ಹಾಕಿರುತ್ತಾರೆ, ಅದರ ಫೋಟೋ ತೆಗೆಯಿರಿ. ಡಬ್ಬಿಯ ನಂಬರಿಗೂ ಬೆಲ್ಟಿನ ನಂಬರಿಗೂ ತಾಳೆ ಆಗದಿದ್ದರೆ ಡೂಪ್ಲಿಕೇಟ್ ಮಾಲಿನ ಸಂಶಯ ಬರುತ್ತದೆ, ಆಗ ಕೇಸಿನ ರೂಪವೇ ಬೇರೆ.

ಮುಂದಿನ ಹೆಜ್ಜೆ ಬೇರೆ ಕಡೆಯಿಂದ ಒಂದು ವರದಿ. ಕಾರನ್ನು ಅದೇ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ. ನಿಮ್ಮ ಕಾರ್ ಕಂಪನಿಯ ಸರ್ವಿಸ್ ಸೆಂಟರಿಗೋ ಇನ್ನೊಬ್ಬ ಅನುಭವಿ ಮೆಕ್ಯಾನಿಕ್ ಹತ್ತಿರಕ್ಕೋ ತೆಗೆದುಕೊಂಡು ಹೋಗಿ. ಯಾವತ್ತು ಬಿಚ್ಚುತ್ತೇವೆ ಅಂತ ಹಳೆ ಗ್ಯಾರೇಜಿನವರಿಗೆ ಮುಂಚೆಯೇ ಬರೆದು ತಿಳಿಸಿ, ಬಂದು ನೋಡಿ ಅಂತ ಕರೆಯಿರಿ. ಬರುವುದು ಬಿಡುವುದು ಅವರಿಷ್ಟ, ಆಮೇಲೆ "ನಮಗೆ ತೋರಿಸಲೇ ಇಲ್ಲ" ಅನ್ನುವ ಹಾಗಿಲ್ಲ. ಮೀಟರ್ ರೀಡಿಂಗ್, ಬೆಲ್ಟ್ ಕವರ್ ತೆಗೆದಾಗ ಕಾಣುವ ಜಾಗ, ಬಗ್ಗಿದ ವಾಲ್ವ್ ಎಲ್ಲದರ ಫೋಟೋ, ವಿಡಿಯೋ ಇರಲಿ. ಬಿಚ್ಚಿದವರು ಏನು ಕಂಡಿತು, ಕಾರಣ ಏನು ಅಂತ ಲೆಟರ್‌ಹೆಡ್ ಮೇಲೆ ಎರಡು ಸಾಲು ಬರೆದು ಸಹಿ ಹಾಕಿ ಕೊಟ್ಟರೆ ಅದಕ್ಕೆ ಬೆಲೆ ಇದೆ. ಬಾಯಿ ಮಾತಿನಲ್ಲಿ "ಫಿಟಿಂಗ್ ಸರಿ ಇಲ್ಲ ಸಾರ್" ಅಂದರೆ ಪ್ರಯೋಜನ ಇಲ್ಲ. ಹಾಗೆ ಬರೆದುಕೊಡಲು ತುಂಬಾ ಜನ ಹಿಂಜರಿಯುತ್ತಾರೆ. ಒಂದೇ ಊರಿನವರು, ನಾಳೆ ಮುಖ ನೋಡಬೇಕು. ಆಗ ಪಕ್ಕದ ಊರಿನವರನ್ನು ಹಿಡಿಯುವುದು ಒಳ್ಳೆಯದು.

ಲ್ಯಾಬ್ ಪರೀಕ್ಷೆ ಇಲ್ಲದೆ ದೋಷ ಗೊತ್ತಾಗುವುದಿಲ್ಲ ಅನ್ನಿಸಿದರೆ ಆಯೋಗವೇ ಪಾರ್ಟನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ವರದಿಗೆ ಕಾಯ್ದೆ 45 ದಿನ ಕೊಡುತ್ತದೆ. ಅದರ ಫೀಸನ್ನು ಮೊದಲು ನೀವೇ ಕಟ್ಟಬೇಕು.

ಇಷ್ಟು ಕೈಯಲ್ಲಿ ಇಟ್ಟುಕೊಂಡು ಗ್ಯಾರೇಜಿಗೆ ಒಂದು ಪತ್ರ ಬರೆಯಿರಿ. ವಕೀಲರೇ ಬರೆಯಬೇಕು ಅಂತಿಲ್ಲ, ಕನ್ನಡದಲ್ಲೇ ಬರೆಯಿರಿ. ಯಾವ ದಿನ ಏನು ಹಾಕಿಸಿದೆ, ಎಷ್ಟು ಕೊಟ್ಟೆ, ಎಷ್ಟು ಕಿಲೋಮೀಟರಿಗೆ ಎಲ್ಲಿ ನಿಂತಿತು, ಈಗ ಏನೇನು ಹಾಳಾಗಿದೆ, ನನಗೆ ಬೇಕಾದದ್ದು ಇಷ್ಟು, 15 ದಿನದೊಳಗೆ ಉತ್ತರಿಸಿ. ಬೈಗುಳ ಬೇಡ, ಬೆದರಿಕೆ ಬೇಡ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳಿ, ಅದರ ಫೋಟೋವನ್ನು ವಾಟ್ಸಾಪಿಗೂ ಹಾಕಿ. ಜತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಕನ್ನಡದಲ್ಲೂ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ಎದುರಿನವರನ್ನು ಸಂಪರ್ಕಿಸಿ ರಾಜಿಗೆ ನೋಡುತ್ತಾರೆ. ಬೆಲ್ಟ್ ಕಂಪನಿ ದೊಡ್ಡದಾಗಿದ್ದರೆ ಕೆಲವು ಸಲ ಅಷ್ಟಕ್ಕೇ ದಾರಿಗೆ ಬರುತ್ತದೆ.

ಬರಲಿಲ್ಲ ಅಂದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗ. ನೀವು ಇರುವ ಊರಿನಲ್ಲೇ ದೂರು ಕೊಡಬಹುದು, ಬೆಲ್ಟ್ ಕಂಪನಿಯ ಆಫೀಸ್ ಬೇರೆ ರಾಜ್ಯದಲ್ಲಿದ್ದರೂ ಪರವಾಗಿಲ್ಲ. ಇದು 2019ರ ಕಾಯ್ದೆ ತಂದ ಒಳ್ಳೆಯ ಬದಲಾವಣೆ. ಯಾವ ಆಯೋಗ ಅನ್ನುವುದು ನೀವು ಕೇಳುವ ಪರಿಹಾರದ ಮೇಲೆ ಅಲ್ಲ, ಕೊಟ್ಟ ದುಡ್ಡಿನ ಮೇಲೆ ನಿಂತಿದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಫೀಸೇ ಇಲ್ಲ. ನೀವು ಕೊಟ್ಟದ್ದು 14,500, ಹಾಗಾಗಿ ಒಂದು ರೂಪಾಯಿ ಫೀಸೂ ಕಟ್ಟಬೇಕಿಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಕೀಲರನ್ನು ಇಡಲೇಬೇಕು ಅಂತಿಲ್ಲ. ಎದುರಿನವರು 30 ದಿನದಲ್ಲಿ ಉತ್ತರ ಕೊಡಬೇಕು, ಇನ್ನು 15 ದಿನ ವಿಸ್ತರಿಸಬಹುದು, ಅದರ ಮೇಲೆ ಒಂದು ದಿನವೂ ಇಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಖಚಿತವಾಗಿ ಹೇಳಿದೆ. ಕೇಸ್ ಮುಗಿಸಲು ಕಾಯ್ದೆ ಹೇಳುವುದು ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳು. ನಿಜದಲ್ಲಿ ಜಾಸ್ತಿ ಹಿಡಿಯುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ಘಟನೆ ಆದ ದಿನದಿಂದ ಎರಡು ವರ್ಷದೊಳಗೆ ದೂರು ಹಾಕಬೇಕು.

ಕೇಳುವಾಗ ನ್ಯಾಯವಾಗಿ ಕೇಳಿ. ಬೆಲ್ಟ್ ಕೆಲಸಕ್ಕೆ ಕೊಟ್ಟ 14,500, ಟೋಯಿಂಗ್ ಬಿಲ್, ಹೆಡ್ ಕೆಲಸದ ಬಿಲ್, ಕಾರಿಲ್ಲದ ದಿನಗಳಲ್ಲಿ ಟ್ಯಾಕ್ಸಿಗೆ ಕೊಟ್ಟಿದ್ದರೆ ಅದರ ರಸೀದಿ, ಮಾನಸಿಕ ತೊಂದರೆಗೆ ಒಂದು ಮೊತ್ತ. ಹೆಡ್ ಬಿಚ್ಚಿದ್ದೇವಲ್ಲ ಅಂತ ಸವೆದ ಕ್ಲಚ್ಚನ್ನೂ ಇದೇ ಬಿಲ್ಲಿಗೆ ಸೇರಿಸಬೇಡಿ. ಅಂಥ ಒಂದು ಸಾಲು ಸಾಕು, ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ. ಕೇಸ್ ಮುಗಿಯಲಿ ಆಮೇಲೆ ರಿಪೇರಿ ಅಂತ ಕಾರನ್ನು ವರ್ಷಗಟ್ಟಲೆ ನಿಲ್ಲಿಸಬೇಡಿ. ನಷ್ಟ ಬೆಳೆಯದ ಹಾಗೆ ನೋಡಿಕೊಳ್ಳುವುದು ನಿಮ್ಮ ಹೊಣೆಯೂ ಹೌದು. ಪುರಾವೆ ಎಲ್ಲ ತೆಗೆದಿಟ್ಟುಕೊಂಡು, ರಿಪೇರಿ ಮಾಡಿಸುತ್ತಿದ್ದೇನೆ ಅಂತ ಗ್ಯಾರೇಜಿಗೆ ತಿಳಿಸಿ, ಮಾಡಿಸಿ ಓಡಿಸಿ.

ರಾಜಿಗೆ ಬಂದರೆ? ನನ್ನ ಅಭಿಪ್ರಾಯ ಕೇಳಿದರೆ, ಲೇಬರ್ ಪೂರ್ತಿ ಗ್ಯಾರೇಜಿನವರದ್ದು, ಹೆಡ್‌ನ ಪಾರ್ಟ್‌ಗಳ ಖರ್ಚಿನಲ್ಲಿ ದೊಡ್ಡ ಪಾಲು ಅವರೂ ಕಂಪನಿಯೂ ಹಂಚಿಕೊಂಡು ಕೊಡುತ್ತಾರೆ ಅಂದರೆ ಒಪ್ಪಿಕೊಳ್ಳಬಹುದು. ಸಣ್ಣ ಗ್ಯಾರೇಜಿನವರಿಗೆ 70 ಸಾವಿರ ಒಂದೇ ಸಲ ಕೊಡುವುದು ಸುಲಭ ಅಲ್ಲ, ಕಂತಿನಲ್ಲಿ ಕೊಡುತ್ತಾರೆ ಅಂದರೂ ಸರಿಯೇ. ಆದರೆ ಎಲ್ಲ ಬರಹದಲ್ಲಿ ಇರಲಿ. "ಇನ್ನು ನನ್ನದು ಏನೂ ಬಾಕಿ ಇಲ್ಲ" ಅನ್ನುವ ಕಾಗದಕ್ಕೆ ಕಾರು ಸರಿಯಾಗಿ ಓಡಿ ನೋಡುವ ತನಕ ಸಹಿ ಹಾಕಬೇಡಿ.

ಪ್ರಶ್ನೆ: ನಾನು ಟ್ಯಾಕ್ಸಿ ಓಡಿಸ್ತೀನಿ ಸಾರ್, ಹಳದಿ ಬೋರ್ಡ್, ಒಂದೇ ಗಾಡಿ. ಹೊಸ ಕ್ಲಚ್ ಸೆಟ್ ಹಾಕಿಸಿ ಒಂದೂವರೆ ತಿಂಗಳಿಗೆ ಹೋಯ್ತು. "ಕಮರ್ಷಿಯಲ್ ಗಾಡಿಗೆ ವಾರಂಟಿ ಇಲ್ಲ, ಕನ್ಸ್ಯೂಮರ್ ಕೋರ್ಟಿಗೂ ಹೋಗೋಕಾಗಲ್ಲ" ಅಂತಾರೆ. ಬಿಲ್ ಕೊಟ್ಟಿಲ್ಲ, ಫೋನ್‌ನಲ್ಲೇ ದುಡ್ಡು ಹಾಕಿದ್ದೆ.
— ಟ್ಯಾಕ್ಸಿ ಚಾಲಕರು, ಮಂಗಳೂರು

ಉತ್ತರ: ಎರಡನೇ ಮಾತು ತಪ್ಪು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಅಂತ ಕಾಯ್ದೆ ಹೇಳುವುದು ನಿಜ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದು ಅದರಲ್ಲಿ ಬರುವುದಿಲ್ಲ ಅಂತಲೂ ಅದೇ ಕಾಯ್ದೆ ಬಿಡಿಸಿ ಹೇಳುತ್ತದೆ. ಒಂದೇ ಗಾಡಿ, ನೀವೇ ಓಡಿಸುತ್ತೀರಿ, ಅದೇ ಜೀವನ. ದೂರಿನಲ್ಲಿ ಈ ಮೂರನ್ನೂ ಸ್ಪಷ್ಟವಾಗಿ ಬರೆಯಿರಿ. ನಾಲ್ಕಾರು ಗಾಡಿ, ಡ್ರೈವರ್‌ಗಳನ್ನು ಇಟ್ಟವರಾಗಿದ್ದರೆ ಸಿವಿಲ್ ಕೋರ್ಟ್ ದಾರಿ ಹಿಡಿಯಬೇಕಾಗುತ್ತಿತ್ತು.

ಬಿಲ್ ಇಲ್ಲ ಅಂತ ಕೈಚೆಲ್ಲಬೇಡಿ. ಯುಪಿಐ ದಾಖಲೆ, ವಾಟ್ಸಾಪ್ ಮಾತು, ಗಾಡಿ ಬಿಟ್ಟ ದಿನದ ಫೋಟೋ ಎಲ್ಲ ಪುರಾವೆಯೇ. ಬಿಲ್ ಕೊಡದೇ ಇರುವುದೇ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಂಡು ದುಡ್ಡು ಹಿಂದಿರುಗಿಸಲು ಒಪ್ಪದಿರುವುದೂ ಅದೇ ಸಾಲಿಗೆ ಬರುತ್ತದೆ. "ಮಾರಿದ ಮಾಲು ವಾಪಸ್ ಇಲ್ಲ" ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಕಾಯ್ದೆ ಬದಲಾಗುವುದಿಲ್ಲ. ಗಾಡಿ ನಿಂತ ದಿನಗಳ ದುಡಿಮೆ ಕೇಳುವುದಾದರೆ ಹಿಂದಿನ ತಿಂಗಳುಗಳ ಟ್ರಿಪ್ ದಾಖಲೆ ಜತೆಗಿಡಿ.

ಆದರೆ ಒಂದು ವಿಷಯ ನೇರವಾಗಿ ಹೇಳುತ್ತೇನೆ. ಕ್ಲಚ್ ಸವೆಯುವ ಪಾರ್ಟ್. ಡಿಸ್ಕ್ ಸುಟ್ಟ ವಾಸನೆ ಇದ್ದು, ಪ್ರೆಷರ್ ಪ್ಲೇಟ್ ಮೇಲೆ ನೀಲಿ ಕಲೆಗಳಿದ್ದರೆ, ಶಿರಾಡಿ ಘಾಟಿಯಲ್ಲಿ ಲೋಡ್ ಹಾಕಿಕೊಂಡು ಹಾಫ್ ಕ್ಲಚ್‌ನಲ್ಲಿ ಓಡಿಸಿದ್ದೀರಿ ಅಂತ ಅವರು ಹೇಳುತ್ತಾರೆ, ಆ ವಾದಕ್ಕೆ ಉತ್ತರ ಕೊಡುವುದು ಕಷ್ಟ. ರಿಲೀಸ್ ಬೇರಿಂಗ್ ಒಡೆದಿದ್ದರೆ, ಡಿಸ್ಕಿನ ಸ್ಪ್ರಿಂಗ್ ಕಳಚಿದ್ದರೆ, ಲೈನಿಂಗ್ ರಿವೆಟ್ ಸಮೇತ ಎದ್ದು ಬಂದಿದ್ದರೆ ನಿಮ್ಮ ಕೇಸ್ ಗಟ್ಟಿ. ಮೊದಲು ಅದನ್ನು ನೋಡಿ ಆಮೇಲೆ ಹೆಜ್ಜೆ ಇಡಿ.

ಪ್ರಶ್ನೆ: ಆಲ್ಟರ್ನೇಟರ್ ಆನ್‌ಲೈನ್‌ನಲ್ಲಿ ನಾನೇ ತರಿಸಿ ಮೆಕ್ಯಾನಿಕ್ ಹತ್ತಿರ ಹಾಕಿಸಿದೆ. ಎರಡು ವಾರಕ್ಕೆ ಚಾರ್ಜಿಂಗ್ ನಿಂತಿತು. ಮಾರಿದವರು ಫಿಟಿಂಗ್ ತಪ್ಪು ಅಂತಾರೆ, ಮೆಕ್ಯಾನಿಕ್ ಪಾರ್ಟ್ ಕಳಪೆ ಅಂತಾರೆ.
— ಒಬ್ಬ ಓದುಗರು, ಬೆಳಗಾವಿ

ಉತ್ತರ: ಪಾರ್ಟ್ ನೀವೇ ತಂದುಕೊಟ್ಟಾಗ ಮೆಕ್ಯಾನಿಕ್ ಹೊಣೆ ಅವರ ಕೈಕೆಲಸಕ್ಕೆ ಮಾತ್ರ. ಹಾಗಾಗಿ ಮೊದಲು ಆಲ್ಟರ್ನೇಟರನ್ನು ಬಿಚ್ಚಿಸಿ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಬೆಂಚ್ ಮೇಲೆ ಟೆಸ್ಟ್ ಮಾಡಿಸಿ, ವೋಲ್ಟೇಜ್ ಬರೆದು ಕೊಡಲಿ. ಬೆಂಚ್ ಮೇಲೂ ಚಾರ್ಜ್ ಬರದಿದ್ದರೆ ಮಾರಿದವರ ವಾದ ಅರ್ಧ ಬಿದ್ದ ಹಾಗೆ. ಆದರೆ ವೈರ್ ತಪ್ಪಾಗಿ ಕೊಟ್ಟರೆ, ಬ್ಯಾಟರಿ ಉಲ್ಟಾ ಕನೆಕ್ಟ್ ಮಾಡಿದ್ದರೆ ಒಳಗಿನ ಡಯೋಡ್ ಸುಡುತ್ತದೆ, ಅದನ್ನೂ ನೋಡಿಸಿ. ಇ-ಕಾಮರ್ಸ್ ನಿಯಮಗಳು 2020ರ ಪ್ರಕಾರ ಆ್ಯಪ್‌ನವರಿಗೆ ದೂರು ಅಧಿಕಾರಿ ಇರಲೇಬೇಕು. 48 ಗಂಟೆಯಲ್ಲಿ ದೂರು ಬಂತು ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಚಾಟ್‌ನಲ್ಲಿ ಮಾತಾಡಿ ಬಿಡಬೇಡಿ, ಆ ಅಧಿಕಾರಿಗೇ ಇಮೇಲ್ ಹಾಕಿ.

ಪ್ರಶ್ನೆ: ಬ್ರೇಕ್ ಕೆಲಸ ಮಾಡಿಸಿದ ಮರುವಾರವೇ ಪೆಡಲ್ ಕೆಳಗೆ ಹೋಗಿ ಕಾರು ಕಾಂಪೌಂಡಿಗೆ ಗುದ್ದಿತು. ಈಗ ಕಾರು ಸರ್ವಿಸ್ ಸೆಂಟರಿನ ಅಂಗಳದಲ್ಲೇ ನಿಂತಿದೆ. ಇನ್ಶೂರೆನ್ಸ್ ಕೇಳಲಾ, ಸರ್ವಿಸ್ ಸೆಂಟರ್ ಕೇಳಲಾ?
— ಒಬ್ಬ ಓದುಗರು, ತುಮಕೂರು

ಉತ್ತರ: ಎರಡೂ, ಆದರೆ ಮೊದಲು ಇನ್ಶೂರೆನ್ಸಿಗೆ ಇವತ್ತೇ ತಿಳಿಸಿ. ಸರ್ವೇಯರ್ ನೋಡುವ ತನಕ ರಿಪೇರಿ ಬೇಡ. ಯಂತ್ರ ತಾನಾಗಿ ಕೆಟ್ಟದ್ದಕ್ಕೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುವುದಿಲ್ಲ, ಹಾಗಾಗಿ ಮೇಲಿನ ಹಾಸನದವರ ಎಂಜಿನ್‌ಗೆ ಅದು ಬರುವುದಿಲ್ಲ. ನಿಮ್ಮದು ಹಾಗಲ್ಲ, ಗುದ್ದಿದ ಏಟಿಗೆ ಆದ ಹಾನಿ ಅಪಘಾತದ ಹಾನಿ. ಪೂರ್ಣ ಪಾಲಿಸಿ ಇದ್ದರೆ ಅದನ್ನು ಕೇಳಬಹುದು, ಬರೀ ಥರ್ಡ್ ಪಾರ್ಟಿ ಇದ್ದರೆ ಕಾಂಪೌಂಡಿನ ಮಾಲೀಕರ ನಷ್ಟಕ್ಕೆ ಮಾತ್ರ. ಬ್ರೇಕ್ ಪಾರ್ಟ್‌ಗಳ ಖರ್ಚು, ಪಾಲಿಸಿಯಲ್ಲಿ ಕಡಿತ ಆದ ದುಡ್ಡು, ಕಾರಿಲ್ಲದ ತೊಂದರೆ, ಇವುಗಳನ್ನು ಸರ್ವಿಸ್ ಸೆಂಟರಿನಿಂದ ಕೇಳಿ. ಇನ್ಶೂರೆನ್ಸ್ ಕೊಟ್ಟ ದುಡ್ಡನ್ನೇ ಮತ್ತೊಮ್ಮೆ ಅವರಿಂದ ಕೇಳುವ ಹಾಗಿಲ್ಲ.

ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್ ಪ್ರತಿ ತೆಗೆದುಕೊಳ್ಳಿ. ಬ್ರೇಕ್ ಲೈನಿನ ಗಾಳಿ ತೆಗೆದಿದ್ದಾರಾ, ಕ್ಯಾಲಿಪರ್ ಪೈಪಿನ ಜಾಯಿಂಟ್ ಬಿಗಿ ಇತ್ತಾ, ಚಕ್ರದ ಒಳಗಡೆ ಆಯಿಲ್ ಸೋರಿದ ಗುರುತು ಇದೆಯಾ, ಸರ್ವೇಯರ್ ಬಂದಾಗ ಇದನ್ನೆಲ್ಲ ತೋರಿಸಿ ಅವರ ವರದಿಯಲ್ಲೇ ಬರೆಸಿ. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸ್ ದೂರು ತಡ ಮಾಡಬೇಡಿ. ಕಾರು ಸರ್ವಿಸ್ ಸೆಂಟರಿನ ಅಂಗಳದಲ್ಲೇ ನಿಂತಿದೆ ಅಂತ ನೀವು ಬರೆದಿದ್ದೀರಿ. ಸರ್ವೇಯರ್ ಬರುವ ಮುಂಚೆ ನಾಲ್ಕೂ ಚಕ್ರದ ಫೋಟೋ, ಬ್ರೇಕ್ ಆಯಿಲ್ ಡಬ್ಬಿಯ ಮಟ್ಟದ ಫೋಟೋ ತೆಗೆದಿಡಿ, ಮತ್ತು ಚಕ್ರ ಬಿಚ್ಚಬಾರದು ಅಂತ ಅವರಿಗೆ ಬರೆದು ಕೊಟ್ಟು ಪ್ರತಿಯ ಮೇಲೆ ಸಹಿ ಮಾಡಿಸಿಕೊಳ್ಳಿ.